ನ್ಯೂಜೆರ್ಸಿಯಿಂದ ವಾಪಸ್: ಬೆಂಗಳೂರಾ, ಧಾರವಾಡಾ, ಮೈಸೂರಾ? ನಮ್ಮಕ್ಕನ ಮನೆಯ ಕೇಸ್

ಈ ಕೇಸ್ ನಮ್ಮಕ್ಕ ಭಾವಂದು. ಹೆಸರು ಹಾಕಲ್ಲ, ಮಿಕ್ಕಿದ್ದೆಲ್ಲ ಇಬ್ರೂ ಓದಿ ಹೂಂ ಅಂದ್ಮೇಲೇ ಬರೀತಿರೋದು. ಹತ್ತು ವರ್ಷದ ಮೇಲೆ ಹೊರದೇಶದಲ್ಲಿದ್ದು ಚಿಕ್ಕ ಮಕ್ಕಳನ್ನ ಕಟ್ಕೊಂಡು ವಾಪಸ್ ಬರೋ ಯೋಚನೇಲಿ ಇರೋರಿಗೆ ಉಪಯೋಗಕ್ಕೆ ಬರ್ಲಿ ಅಂತ ಪೂರ್ತಿ ಬರ್ದಿದೀನಿ, ಸ್ವಲ್ಪ ಉದ್ದ ಇದೆ.

ಅಕ್ಕ ಮೈಸೂರಿನವಳು, ಭಾವ ಧಾರವಾಡದವರು. 2014ರಲ್ಲಿ ಅಮೆರಿಕಾಗೆ ಹೋದ್ರು, ನ್ಯೂಜೆರ್ಸಿಯಲ್ಲಿ ಮನೆ. ಭಾವಂದು ಐಟಿ ಕೆಲಸ, ಎಚ್1ಬಿ ವೀಸಾ. ಗ್ರೀನ್ ಕಾರ್ಡಿಗೆ ಐ-140 (ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿ ವರ್ಷಗಳೇ ಆಗಿದ್ವು, ಆದ್ರೆ ನಮ್ಮ ದೇಶದವರ ಕ್ಯೂ ಎಷ್ಟು ಉದ್ದ ಅಂತ ಎಲ್ರಿಗೂ ಗೊತ್ತು, ಅವರ ಸರದಿ ಬರೋಷ್ಟ್ರಲ್ಲಿ ಮಗಳು ಕಾಲೇಜು ಮುಗಿಸಿರ್ತಾಳೆ. ಅಕ್ಕ ಫುಡ್ ಟೆಕ್ನಾಲಜಿ ಓದಿದವಳು, ಎಚ್4 ಇಎಡಿ (ಎಚ್1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗೋ ಕೆಲಸದ ಪರ್ಮಿಟ್) ಮೇಲೆ ಒಂದು ಕಂಪನೀಲಿ ಕ್ವಾಲಿಟಿ ಕೆಲಸ ಮಾಡ್ತಿದ್ಳು, ಮಗ ಹುಟ್ಟಿದ ಮೇಲೆ ಬಿಟ್ಳು. ಮಗಳು 2017ರಲ್ಲಿ ಹುಟ್ಟಿದ್ದು, ಮಗ 2021ರ ಕೊನೇಲಿ. ಭಾವನ ತಂದೆ ತೀರ್ಕೊಂಡಾಗ ಇವರು ಹೋಗೋಷ್ಟ್ರಲ್ಲಿ ಎಲ್ಲಾ ಮುಗ್ದಿತ್ತು. ಇಲ್ಲಿಂದ ವಾಪಸ್ ಹೊರಡ್ಬೇಕಾದ್ರೆ ವೀಸಾ ಸ್ಟ್ಯಾಂಪಿಂಗ್ ಸ್ಲಾಟ್ ಸಿಗದೆ ಎಷ್ಟೋ ವಾರ ಸಿಕ್ಕಾಕ್ಕೊಂಡ್ರು. ಆ ವಾರಗಳಲ್ಲೇ "ಇನ್ನು ಸಾಕು" ಅನ್ನೋ ಮಾತು ಶುರುವಾಗಿದ್ದು. ಭಾವನ ಅವ್ವ ಧಾರವಾಡ ಮಾಳಮಡ್ಡಿಯ ಹಳೇ ಮನೇಲಿ ಒಬ್ರೇ ಆದ್ರು, ವಯಸ್ಸು ಎಪ್ಪತ್ತು ದಾಟಿದೆ.

ಸೋ ವಾಪಸ್ ಬರೋದು ಗ್ಯಾರಂಟಿ ಆಯ್ತು. ಕಂಪನಿಯವರು ಬೆಂಗಳೂರು ಆಫೀಸಿಗೆ ಟ್ರಾನ್ಸ್‌ಫರ್ ಕೊಡೋಕೆ ಒಪ್ಪಿದ್ರು, ವೈಟ್‌ಫೀಲ್ಡಲ್ಲಿ, ವಾರಕ್ಕೆ ಮೂರು ದಿನ ಆಫೀಸಿಗೆ ಬರ್ಲೇಬೇಕು ಅನ್ನೋ ಷರತ್ತಿನ ಮೇಲೆ. ಉಳಿದಿದ್ದು ಎಲ್ಲಿ ಇರೋದು ಅನ್ನೋದು.

ಅದಕ್ಕೂ ಮುಂಚೆ ಯಾವಾಗ ಬರೋದು ಅನ್ನೋದ್ರಲ್ಲೇ ಒಂದು ಜಗ್ಗಾಟ ಆಯ್ತು. ಭಾವನ ಆಡಿಟರ್ ಹೇಳಿದ್ದು ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ ಬನ್ನಿ, ಆಗ ಆ ಹಣಕಾಸು ವರ್ಷದಲ್ಲಿ ಇಲ್ಲಿ 182 ದಿನ ಆಗಲ್ಲ, ಟ್ಯಾಕ್ಸ್ ಲೆಕ್ಕದಲ್ಲಿ ನಾನ್ ರೆಸಿಡೆಂಟ್ ಆಗೇ ಉಳೀತೀರ ಅಂತ. ಆದ್ರೆ ನಮ್ಮಲ್ಲಿ ಸ್ಕೂಲ್ ಶುರುವಾಗೋದು ಜೂನಲ್ಲಿ. ಅಕ್ಟೋಬರಿಗೆ ಬಂದ್ರೆ ಮಗಳನ್ನ ಅರ್ಧ ವರ್ಷ ಮುಗಿದಿರೋ ಕ್ಲಾಸಿಗೆ ತಂದು ಕೂರಿಸ್ಬೇಕು, ಅದೂ ಕನ್ನಡ ಓದಕ್ಕೆ ಬರೀಯಕ್ಕೆ ಬರ್ದಿರೋ ಮಗೂನ. ಸರಿಯಾಗಿ ಕೂತು ಲೆಕ್ಕ ಹಾಕಿದಾಗ ಗೊತ್ತಾಗಿದ್ದು ಏನಂದ್ರೆ, ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ನಾನ್ ರೆಸಿಡೆಂಟ್ ಆಗಿದ್ದವರಿಗೆ ಆರ್‌ಎನ್‌ಒಆರ್ (ರೆಸಿಡೆಂಟ್ ಬಟ್ ನಾಟ್ ಆರ್ಡಿನರಿಲಿ ರೆಸಿಡೆಂಟ್) ಅನ್ನೋ ಸ್ಟೇಟಸ್ ಸಿಗುತ್ತೆ, ಆ ಅವಧೀಲಿ ಅಮೆರಿಕಾದಲ್ಲಿ ಬರೋ ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಲಾಭಕ್ಕೆ ಇಲ್ಲಿ ಟ್ಯಾಕ್ಸ್ ಇಲ್ಲ. ಮೇ ಕೊನೇಲಿ ಬಂದ್ರೂ ಇವರಿಗೆ ಎರಡು ವರ್ಷ ಅದು ಸಿಕ್ಕೇ ಸಿಗುತ್ತೆ, ಮೂರನೇ ವರ್ಷಕ್ಕೆ ಹಿಂದಿನ ಏಳು ವರ್ಷದಲ್ಲಿ ಇಂಡಿಯಾದಲ್ಲಿದ್ದ ದಿನಗಳು 729 ದಾಟಿದ್ಯಾ ಅಂತ ಎಣಿಸಿ ನೋಡ್ಬೇಕು. ಇಲ್ಲಿಯ ಸಂಬಳಕ್ಕೆ ಹೇಗೂ ಟ್ಯಾಕ್ಸ್ ಕಟ್ಟಲೇಬೇಕು. ಅಂದ್ರೆ ಅಕ್ಟೋಬರ್ ತನಕ ಕಾದ್ರೆ ಸಿಗೋ ಲಾಭ ದೊಡ್ಡದೇನಲ್ಲ, ಅದಕ್ಕೋಸ್ಕರ ಮಗಳ ವರ್ಷ ಕೆಡಿಸೋದು ಬೇಡ ಅಂತ 2025ರ ಮೇ ಕೊನೆಗೆ ಬರೋದು ಅಂತಾಯ್ತು. ನನ್ನ ಕೇಳಿದ್ರೆ ಇಡೀ ವಿಷಯದಲ್ಲಿ ಇದೊಂದೇ ಸುಲಭದ ನಿರ್ಧಾರ. ನಿಮ್ಮ ಲೆಕ್ಕ ಬೇರೆ ಇರ್ಬಹುದು, ದೊಡ್ಡ ಮೊತ್ತದ ಕಂಪನಿ ಷೇರು ಇರೋರು ಆಡಿಟರ್ ಹತ್ರ ಕೂತೇ ತೀರ್ಮಾನ ಮಾಡಿ.

ಇನ್ನು ಊರು. ಭಾವ ಒಂದು ಎಕ್ಸೆಲ್ ಶೀಟ್ ಮಾಡಿದ್ರು. ಸ್ಕೂಲು, ಆಸ್ಪತ್ರೆ, ಬಾಡಿಗೆ, ಗಾಳಿ, ನೀರು, ಟ್ರಾಫಿಕ್ಕು, ಏರ್‌ಪೋರ್ಟು, ಎಲ್ಲದಕ್ಕೂ ಹತ್ತಕ್ಕೆ ಮಾರ್ಕ್ಸು. ಶೀಟಲ್ಲಿ ಬೆಂಗಳೂರು ಫಸ್ಟ್ ಬಂತು.

ಬೆಂಗಳೂರಿನ ವಾದ ಗಟ್ಟಿಯಾಗೇ ಇತ್ತು. ವೈಟ್‌ಫೀಲ್ಡಲ್ಲೇ ಅಪಾರ್ಟ್‌ಮೆಂಟು, ಆಫೀಸು ಪಕ್ಕದಲ್ಲೇ, ವಾಪಸ್ ಬಂದಿರೋ ಕುಟುಂಬಗಳು ಆ ಸೊಸೈಟಿಗಳಲ್ಲಿ ಎಷ್ಟೋ ಇವೆ, ಮಗಳಿಗೆ ಅವಳ ಥರದ್ದೇ ಇಂಗ್ಲಿಷ್ ಮಾತಾಡೋ ಫ್ರೆಂಡ್ಸ್ ಸಿಗ್ತಾರೆ. ಅವರು ನೋಡಿದ ಇಂಟರ್‌ನ್ಯಾಷನಲ್ ಸ್ಕೂಲುಗಳಲ್ಲಿ ಇಬ್ರಿಗೂ ಸೇರಿ ವರ್ಷಕ್ಕೆ ಹತ್ತು ಲಕ್ಷದ ಮೇಲೆ ಹೋಗ್ತಿತ್ತು. ಮನೆ ಅಡ್ವಾನ್ಸ್ ಕೆಲವು ಕಡೆ ಆರು ತಿಂಗಳದ್ದು, ಕೆಲವು ಕಡೆ ಹತ್ತು ತಿಂಗಳದ್ದು ಕೇಳಿದ್ರು. 2024ರ ಬೇಸಿಗೇಲಿ ಬೋರ್‌ವೆಲ್ ಒಣಗಿ ಆ ಭಾಗದ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರಿಗೆ ಕಾದು ಕೂತಿದ್ದನ್ನ ಎಲ್ರೂ ನೋಡಿದ್ವಿ, ಅದೇ ವರ್ಷ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು, ಆದ್ರೂ ನೀವು ನೋಡ್ತಿರೋ ಅಪಾರ್ಟ್‌ಮೆಂಟಿಗೆ ಕಾವೇರಿ ಕನೆಕ್ಷನ್ ಬಂದಿದ್ಯಾ ಇಲ್ವಾ ಅಂತ ಗೇಟಲ್ಲಿರೋ ಸೆಕ್ಯುರಿಟಿಯವರನ್ನ ಕೇಳಿ, ಓನರ್‌ಗಿಂತ ಸರಿಯಾಗಿ ಅವರೇ ಹೇಳ್ತಾರೆ. ಇದೆಲ್ಲ ಇದ್ರೂ ಸಂಬಳ ಸಾಕಾಗ್ತಿತ್ತು, ಬೆಂಗಳೂರು ಆಗ್ತಿತ್ತು.

ಧಾರವಾಡ ಭಾವನ ಮನಸ್ಸಲ್ಲಿದ್ದಿದ್ದು. ಸ್ವಂತ ಮನೆ, ಮುಂದೆ ದೊಡ್ಡ ಮಾವಿನ ಮರ, ಅವ್ವ ಒಬ್ರೇ. ಈಗ ಐಐಟಿ ಇದೆ, ಸತ್ತೂರಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ, ಹುಬ್ಬಳ್ಳಿ ಏರ್‌ಪೋರ್ಟ್ ಇದೆ, 2023ರಿಂದ ಬೆಂಗಳೂರಿಗೆ ವಂದೇ ಭಾರತ್ ಕೂಡ ಬಂದಿದೆ. ನೀರಿನ ಸಮಸ್ಯೆ ಅಲ್ಲೂ ಇದೆ, 2008ರಲ್ಲೇ ಕೆಲವು ವಾರ್ಡುಗಳಿಗೆ 24 ಗಂಟೆ ನೀರಿನ ಯೋಜನೆ ಬಂದ್ರೂ ಎಷ್ಟೋ ಬಡಾವಣೆಗಳಲ್ಲಿ ಈಗ್ಲೂ ನಲ್ಲಿ ನೀರಿಗೆ ದಿನಗಟ್ಟಲೆ ಕಾಯ್ಬೇಕು. ಹಳೇ ಮನೆ ಆದ್ರಿಂದ ದೊಡ್ಡ ಟಾಕಿ ಇದೆ, ಅಡ್ಜಸ್ಟ್ ಆಗುತ್ತೆ. ಆದ್ರೆ ವಾರಕ್ಕೆ ಮೂರು ದಿನ ವೈಟ್‌ಫೀಲ್ಡಿಗೆ? ಧಾರವಾಡದಿಂದ ಬೆಂಗಳೂರಿಗೆ 430 ಕಿಲೋಮೀಟರ್. ವಂದೇ ಭಾರತಲ್ಲೇ ಹೋದ್ರೂ ಹೆಚ್ಚು ಕಡಿಮೆ ಅರ್ಧ ದಿನ ರೈಲಲ್ಲೇ ಹೋಗುತ್ತೆ, ವಾರ ವಾರ ಹೋಗಿ ಬರೋದಂದ್ರೆ ಮನುಷ್ಯ ಎಷ್ಟು ದಿನ ತಡೀತಾನೆ.

ಮೈಸೂರು ಶೀಟಲ್ಲಿ ಎರಡನೇದು. ಇದು ಅಕ್ಕನ ತವರು, ಅಂದ್ರೆ ನಮ್ಮಪ್ಪ ಅಮ್ಮ ಕುವೆಂಪುನಗರದಲ್ಲಿದಾರೆ. ಭಾವ ಪಾಪ ನೇರವಾಗಿ ಹೇಳ್ಲಿಲ್ಲ, ಆದ್ರೆ ನಮ್ಮವ್ವ ಒಬ್ರೇ ಇರೋವಾಗ ಮಾವನ ಮನೆ ಪಕ್ಕ ಹೋಗಿ ಕೂತ್ರೆ ಜನ ಏನಂತಾರೆ ಅನ್ನೋದು ಅವರಿಗಿತ್ತು. ಇದನ್ನ ಬಿಡಿಸಿ ಬರೀಯಕ್ಕೆ ಕಾರಣ ಇದೆ, ಇಂಥ ಮನೆಗಳಲ್ಲಿ ಅರ್ಧ ನಿರ್ಧಾರ ಬಾಯಲ್ಲಿ ಹೇಳ್ದೆ ಇರೋ ಮಾತಿನ ಮೇಲೇ ಆಗೋಗುತ್ತೆ.

ಈಗ ಮಗನ ವಿಷಯ, ನನಗೆ ಇದೇ ಇಡೀ ಕೇಸಿನ ತಿರುಳು. ಅವನಿಗೆ ಮಾತು ತಡ. ಎರಡು ವರ್ಷ ಆದ್ರೂ ನಾಲ್ಕೈದು ಶಬ್ದ ಅಷ್ಟೆ. ಅಲ್ಲಿ ಅರ್ಲಿ ಇಂಟರ್ವೆನ್ಷನ್ ಅಂತ ಇದೆ, ಮೂರು ವರ್ಷದ ತನಕ ಥೆರಪಿಸ್ಟ್ ಮನೆಗೇ ಬಂದು ಆಡಿಸಿ ಮಾತು ಕಲಿಸ್ತಾರೆ, ಮೂರು ತುಂಬಿದ ಮೇಲೆ ಅರ್ಹತೆ ಇದ್ರೆ ಸರ್ಕಾರಿ ಸ್ಕೂಲ್ ಡಿಸ್ಟ್ರಿಕ್ಟಿನವರೇ ಐಇಪಿ (ಆ ಮಗೂಗೆ ಅಂತಲೇ ಮಾಡೋ ಕಲಿಕೆ ಯೋಜನೆ) ಅಂತ ಮಾಡಿ ಪ್ರೀಸ್ಕೂಲಲ್ಲೇ ಫ್ರೀಯಾಗಿ ಥೆರಪಿ ಕೊಡ್ಬೇಕು, ಅದು ಕಾನೂನು. ಇದನ್ನ ಬಿಟ್ಟು ಬರೋದು ಅಕ್ಕನಿಗೆ ನಿಜವಾಗ್ಲೂ ಕಷ್ಟ ಆಯ್ತು, ರಾತ್ರಿ ಎಷ್ಟೋ ಸಲ ಫೋನ್ ಮಾಡಿ ಅತ್ತಿದಾಳೆ. ಅಲ್ಲಿ ಒಂದು ಕಡೆ ಮನೇಲಿ ಇಂಗ್ಲಿಷ್ ಮಾತ್ರ ಮಾತಾಡಿ, ಎರಡು ಭಾಷೆ ಮಗೂಗೆ ಗೊಂದಲ ಅಂತ ಹೇಳಿದ್ರಂತೆ, ಇವಳು ಕನ್ನಡ ನಿಲ್ಸಿಬಿಟ್ಟಿದ್ಳು. ಎರಡು ಭಾಷೆ ಕೇಳಿದ್ರೆ ಮಾತು ತಡ ಆಗುತ್ತೆ ಅನ್ನೋದು ತಪ್ಪು ಅಂತಾನೇ ಈ ಕ್ಷೇತ್ರದ ತಜ್ಞರು ಒಪ್ಪಿಕೊಂಡಿರೋದು. ತಂದೆ ತಾಯಿಗೆ ಸಲೀಸಾಗಿ ಬರೋ ಭಾಷೇಲೇ ಮಗು ಜೊತೆ ಮಾತಾಡಿ ಅಂತ ಆಮೇಲೆ ಇನ್ನೊಬ್ರು ಥೆರಪಿಸ್ಟ್ ತಿದ್ದಿದ್ರು.

ಸೋ ಎಲ್ಲಿ ಥೆರಪಿ ಇದೆ ಅಂತ ಹುಡುಕಿದ್ರು. ಮೂರು ಊರಲ್ಲೂ ಇದೆ! ಮೈಸೂರಲ್ಲಿ ಮಾನಸಗಂಗೋತ್ರಿ ಹತ್ರ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಸ್ಪೀಚ್ ಅಂಡ್ ಹಿಯರಿಂಗ್, 1965ರಲ್ಲಿ ಶುರುವಾಗಿದ್ದು, ಕೇಂದ್ರ ಆರೋಗ್ಯ ಇಲಾಖೆ ಕೆಳಗಿರೋದು. ಧಾರವಾಡದಲ್ಲಿ ಜೆಎಸ್‌ಎಸ್‌ನವರ ಸ್ಪೀಚ್ ಅಂಡ್ ಹಿಯರಿಂಗ್ ಕಾಲೇಜಿದೆ, ಭಾವ ಹುಡುಕಿ ಖುಷಿಯಿಂದ ಫೋನ್ ಮಾಡಿದ್ರು. ಬೆಂಗಳೂರಲ್ಲಂತೂ ಲಿಂಗರಾಜಪುರದ ಚಂದ್ರಶೇಖರ್ ಇನ್‌ಸ್ಟಿಟ್ಯೂಟ್ ಇದೆ, ನಿಮ್ಹಾನ್ಸ್ ಇದೆ, ಪ್ರೈವೇಟ್ ಸೆಂಟರ್‌ಗಳು ಬೀದಿಗೊಂದು. ಶೀಟಲ್ಲಿ ಮೂರಕ್ಕೂ ಟಿಕ್ ಬಿತ್ತು.

ಅಲ್ಲಿಗೆ ಅಕ್ಕ ಮಾತಾಡಿದ್ಳು. ವಿಡಿಯೋ ಕಾಲಲ್ಲಿ ನಾನೂ ಇದ್ದೆ. "ರೀ, ನಿಮ್ಮ ಶೀಟಲ್ಲಿ ಎಲ್ಲಾ ಇದೆ, ಮಧ್ಯಾಹ್ನ ಮೂರೂವರೆ ಗಂಟೆ ಒಂದಿಲ್ಲ. ಥೆರಪಿ ವಾರಕ್ಕೆ ಮೂರ್ನಾಲ್ಕು ದಿನ ಇರುತ್ತೆ. ನೀವು ಆಫೀಸಲ್ಲಿರ್ತೀರ, ಇವನನ್ನ ನಾನು ಕರ್ಕೊಂಡು ಹೋಗಿರ್ತೀನಿ, ಅದೇ ಟೈಮಿಗೆ ಇವಳ ಸ್ಕೂಲ್ ವ್ಯಾನ್ ಬರುತ್ತೆ. ಬಾಗಿಲು ತೆಗೆಯೋರು ಯಾರು?"

ಆಮೇಲೆ ಎಲ್ಲಾ ಬೇರೆ ಥರ ಕಾಣಿಸ್ತು. ವೈಟ್‌ಫೀಲ್ಡಿಂದ ಲಿಂಗರಾಜಪುರಕ್ಕೆ ವಾರಕ್ಕೆ ನಾಲ್ಕು ದಿನ ಮೂರೂವರೆ ವರ್ಷದ ಮಗೂನ ಕರ್ಕೊಂಡು ಹೋಗಿ ಬರೋದು ಅಂದ್ರೆ ಆ ಟ್ರಾಫಿಕ್ಕಲ್ಲಿ ಮಗು ಅರ್ಧ ದಿನ ಕಾರಲ್ಲೇ ಕಳೆಯುತ್ತೆ. ಪಕ್ಕದಲ್ಲೇ ಪ್ರೈವೇಟ್ ಸೆಂಟರಿಗೆ ಹೋದ್ರೆ ದುಡ್ಡು ಹೋಗುತ್ತೆ ಸರಿ, ಬಾಗಿಲು ತೆಗೆಯೋರು ಆಗ್ಲೂ ಇಲ್ಲ, ಆಯಾ ಇಟ್ಕೋಬೇಕು. ಧಾರವಾಡದಲ್ಲಿ ಅವ್ವ ಬಾಗಿಲು ತೆಗೀತಾರೆ, ಆದ್ರೆ ಮಂಡಿ ನೋವು, ಬಿಪಿ, ಅವರನ್ನೇ ಒಬ್ರು ನೋಡ್ಕೋಬೇಕು. ಭಾವ ವಾರದಲ್ಲಿ ನಾಲ್ಕು ದಿನ ಇರಲ್ಲ ಅಂದ್ಮೇಲೆ ಅತ್ತೆ, ಎರಡು ಮಕ್ಕಳು, ಥೆರಪಿ, ಎಲ್ಲಾ ಅಕ್ಕನ ಮೇಲೆ, ಅವಳಿಗೆ ಆ ಊರಲ್ಲಿ ತನ್ನವರು ಅಂತ ಒಬ್ರಿಲ್ಲ. "ಅಪ್ಪ ಅಮ್ಮನ್ನ ನೋಡ್ಕೊಳಕ್ಕೆ ವಾಪಸ್ ಬಂದ್ವಿ" ಅಂತ ಹೇಳೋ ಎಷ್ಟೋ ಮನೆಗಳಲ್ಲಿ ನೋಡ್ಕೊಳ್ಳೋದು ಸೊಸೆ, ಹೇಳೋದು ಮಗ. ಭಾವ ಅಂಥೋರಲ್ಲ, ಆದ್ರೆ ಶೀಟ್ ಆ ಕಡೆಗೇ ಹೋಗ್ತಿತ್ತು.

ಇಷ್ಟಾದ್ರೂ ಅವ್ವನ್ನ ಬಿಟ್ಟು ಮೈಸೂರು ಅನ್ನೋಕೆ ಭಾವಂಗೆ ಬಾಯಿ ಬರ್ಲಿಲ್ಲ. ಆ ಡಿಸೆಂಬರ್ ರಜೇಲಿ ಬಂದಾಗ ಅಕ್ಕಾನೇ ಹೇಳಿದ್ಳು, ಅವರನ್ನ ಕೇಳೋಣ ಅಂತ. ಅಲ್ಲೀ ತನಕ ಅವರ ಬಗ್ಗೆ ಇಷ್ಟು ಮಾತಾಡಿದ್ರಲ್ಲ, ಅವರನ್ನೇ ಯಾರೂ ಕೇಳಿರ್ಲಿಲ್ಲ. ಅವ್ವ ಹೇಳಿದ್ದು ಹೆಚ್ಚು ಕಡಿಮೆ ಇಷ್ಟು: "ನನ್ನ ಸಲುವಾಗಿ ಅಂತ ಹೇಳಿ ಇಲ್ಲಿಗೆ ಬರಬ್ಯಾಡೋ ನೀ. ನೀ ಬೆಂಗಳೂರಾಗ ಇರಾಂವ, ಅಕಿ ಒಬ್ಬಾಕಿ ಹುಡುಗ್ರನ್ನ ಕಟಗೊಂಡು ನನ್ನ ಮಾರಿ ನೋಡ್ಕೋತ ಕೂಡಬೇಕೇನು? ನನಗ ಬಾಜೂದವರು ಅದಾರ, ಭಜನಾದವರು ಅದಾರ. ದವಾಖಾನಿಗೆ ಹೋಗೂ ಮುಂದ ಒಬ್ರು ಜೋಡಿ ಇದ್ರ ಸಾಕು. ಸೂಟಿಗೆ ಹುಡುಗ್ರನ್ನ ಕಳಸ್ರಿ."

ದವಾಖಾನಿ ಮಾತು ಬಂದ್ಮೇಲೆ ಉಳಿದಿದ್ದು ಸುಲಭ ಆಯ್ತು. ಭಾವನ ತಂಗಿ ಹುಬ್ಬಳ್ಳಿ ವಿದ್ಯಾನಗರದಲ್ಲೇ ಇದಾರೆ, ಮನೆ ಹತ್ರಾನೇ ಚಿಗರಿ ಬಸ್ (ತನ್ನದೇ ಲೇನಲ್ಲಿ ಓಡೋದು) ಹತ್ತಿದ್ರೆ ಟ್ರಾಫಿಕ್ ಕಾಟ ಇಲ್ದೆ ಧಾರವಾಡ. ಅವರು ಮುಂಚಿನಿಂದಲೂ ಹೋಗಿ ಬರ್ತಾನೇ ಇದ್ರು, ಯಾರೂ ಲೆಕ್ಕಕ್ಕೆ ಹಿಡಿದಿರ್ಲಿಲ್ಲ. ಈಗ ಅದನ್ನ ಪದ್ಧತಿ ಮಾಡಿದ್ರು, ಚೆಕಪ್ ದಿನಗಳು ತಂಗಿಯ ಜವಾಬ್ದಾರಿ, ಖರ್ಚು ಪೂರ್ತಿ ಭಾವಂದು, ಮನೆಕೆಲಸಕ್ಕೆ ಬರೋಳು ಈಗ ಮಧ್ಯಾಹ್ನಾನೂ ಇರ್ತಾಳೆ. ಭಾವ ತಿಂಗಳಿಗೊಂದು ಸಲ ಹೋಗ್ತಾರೆ, ಮೈಸೂರಲ್ಲಿ ರಾತ್ರಿ ರೈಲು ಹತ್ತಿದ್ರೆ ಬೆಳಗ್ಗೆ ಧಾರವಾಡ.

ಹಾಗಾಗಿ ಮೈಸೂರು. ಟಿ.ಕೆ. ಲೇಔಟಲ್ಲಿ ಬಾಡಿಗೆ ಮನೆ, ಸ್ಪೀಚ್ ಅಂಡ್ ಹಿಯರಿಂಗಿಗೆ ಸ್ಕೂಟರಲ್ಲಿ ಹತ್ತು ನಿಮಿಷದೊಳಗೆ, ಕುವೆಂಪುನಗರ ಪಕ್ಕದಲ್ಲೇ. ಮೂರೂವರೆಗೆ ವ್ಯಾನ್ ಬಂದಾಗ ನಮ್ಮಪ್ಪ ಗೇಟಲ್ಲಿ ನಿಂತಿರ್ತಾರೆ.

ಬಂದ ಮೇಲೆ ಗೊತ್ತಾದ ಕೆಲವು ವಿಷಯ ಬೇಗ ಹೇಳಿಬಿಡ್ತೀನಿ. ಸ್ಕೂಲಲ್ಲಿ ಮೊದಲು ಕೇಳೋದು ಟಿಸಿ ಮತ್ತೆ ಆಧಾರ್. ಅಮೆರಿಕಾ ಸ್ಕೂಲಲ್ಲಿ ನಮ್ಮ ಥರ ಟಿಸಿ ಕೊಡಲ್ಲ, ಸ್ಕೂಲ್ ಲೆಟರ್‌ಹೆಡ್ಡಲ್ಲಿ ಇಂಥ ಕ್ಲಾಸ್ ಮುಗಿಸಿದಾಳೆ ಅಂತ ಬರೆಸ್ಕೊಂಡು ರಿಪೋರ್ಟ್ ಕಾರ್ಡ್ ಜೊತೆ ತನ್ನಿ, ಬರ್ತ್ ಸರ್ಟಿಫಿಕೇಟಿಗೆ ಅಪಾಸ್ಟಿಲ್ (ಬೇರೆ ದೇಶದಲ್ಲೂ ನಡೆಯೋ ಸರ್ಕಾರಿ ದೃಢೀಕರಣ) ಅಲ್ಲೇ ಮಾಡಿಸ್ಕೊಂಡು ಬನ್ನಿ. ಓಸಿಐ (ಹೊರದೇಶದ ಪೌರತ್ವ ಇರೋ ಭಾರತ ಮೂಲದವರ ಕಾರ್ಡ್) ಮಕ್ಕಳಿಗೆ ಆಧಾರ್ ಸಿಗೋದು ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದ ಮೇಲೆ, ಇದನ್ನ ಸ್ಕೂಲ್ ಆಫೀಸಿನವರಿಗೆ ತಾಳ್ಮೆಯಿಂದ ಹೇಳ್ಬೇಕು. ಮಕ್ಕಳ ಡಾಕ್ಟರ್ ಹತ್ರ ವ್ಯಾಕ್ಸಿನ್ ಕಾರ್ಡ್ ತೋರ್ಸಿ, ಅಲ್ಲಿ ಬಿಸಿಜಿ, ಟೈಫಾಯ್ಡ್ ವಾಡಿಕೆಯಾಗಿ ಹಾಕಲ್ಲ, ಏನು ಹಾಕಿಸ್ಬೇಕು ಅಂತ ಅವರು ಹೇಳ್ತಾರೆ.

ಇನ್ನೊಂದು, ಓಸಿಐ ಮಕ್ಕಳ ಮುಂದಿನ ಓದು. 2021ರ ಮಾರ್ಚ್ 4ರ ನೋಟಿಫಿಕೇಶನ್ ಪ್ರಕಾರ ನೀಟ್, ಜೆಇಇ ಥರದ ಪರೀಕ್ಷೆಗಳಲ್ಲಿ ಓಸಿಐಯವರಿಗೆ ಎನ್‌ಆರ್‌ಐ ಸೀಟು ಮತ್ತೆ ಸೂಪರ್‌ನ್ಯೂಮರರಿ (ಮಾಮೂಲಿ ಲೆಕ್ಕದ ಮೇಲೆ ಹೆಚ್ಚುವರಿ) ಸೀಟು ಮಾತ್ರ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ತಾರೀಖಿನ ನಂತರ ಹೊರದೇಶದಲ್ಲಿ ಹುಟ್ಟಿ ಕಾರ್ಡ್ ತಗೊಂಡವರಿಗೆ ಮಾತ್ರ ಇದು ಅನ್ವಯ ಅಂತ ಹೇಳ್ತು. ನಮ್ಮ ಮನೇಲಿ ಮಗಳಿಗೊಂದು ಮಗನಿಗೊಂದು ನಿಯಮ, ಅವಳ ಕಾರ್ಡ್ 2017ರದ್ದು, ಅವನದ್ದು 2022ರದ್ದು. ಊರು ಆರಿಸೋಕೆ ಇದು ಸಂಬಂಧ ಇಲ್ಲ ಅನ್ಸುತ್ತೆ, ಆದ್ರೆ ಎಷ್ಟು ವರ್ಷ ಇಲ್ಲಿ, ಆಮೇಲೆ ಎಲ್ಲಿ ಅನ್ನೋ ಲೆಕ್ಕಕ್ಕೆ ಇದು ಬೇಕೇ ಬೇಕು, ಇಬ್ರಿಗೂ ಅಮೆರಿಕಾ ಪಾಸ್‌ಪೋರ್ಟ್ ಇದ್ದೇ ಇದೆ.

ಮಗನ ಇವ್ಯಾಲ್ಯುಯೇಶನ್ನಿಗೆ ಒಂದಿಡೀ ದಿನ ಹಿಡೀತು. ರಿಜಿಸ್ಟ್ರೇಷನ್, ಕಿವಿ ಟೆಸ್ಟು, ಸೈಕಾಲಜಿಸ್ಟು, ಆಮೇಲೆ ಸ್ಪೀಚ್ ವಿಭಾಗ, ಬೇರೆ ಜಿಲ್ಲೆಯಿಂದ, ಕೇರಳದಿಂದ ಬಂದಿದ್ದ ತಾಯಂದ್ರು ಬುತ್ತಿ ಕಟ್ಕೊಂಡು ಕೂತಿದ್ರು. ಥೆರಪಿ ಸ್ಲಾಟಿಗೆ ಸ್ವಲ್ಪ ಕಾಯ್ಬೇಕಾಯ್ತು, ಅಲ್ಲೀವರೆಗೆ ಮನೇಲಿ ಏನು ಮಾಡ್ಬೇಕು ಅಂತ ಹೇಳಿಕೊಟ್ರು. ಥೆರಪಿ ಮಾಡೋರು ಕಲೀತಿರೋ ವಿದ್ಯಾರ್ಥಿಗಳು, ಮೇಲೆ ಹಿರಿಯರು ನೋಡ್ತಿರ್ತಾರೆ, ಫೀಸು ಪ್ರೈವೇಟಿಗೆ ಹೋಲಿಸಿದ್ರೆ ಏನೂ ಅಲ್ಲ. ಎಲ್ಲಾ ಕನ್ನಡದಲ್ಲಿ. ಅವರು ಹೇಳಿಕೊಟ್ಟಿದ್ರಲ್ಲಿ ಒಂದು, ಮಗೂಗೆ ಇಷ್ಟದ್ದನ್ನ ಕಣ್ಣಿಗೆ ಕಾಣೋ ಹಾಗೆ ಕೈಗೆ ಸಿಗದ ಹಾಗೆ ಇಡಿ, ಕೇಳೋ ಅವಕಾಶ ಹುಟ್ಟಿಸಿ ಅಂತ. ನಮ್ಮಮ್ಮ ಚಕ್ಲಿಯನ್ನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿಟ್ರು. ಅವನು ಡಬ್ಬ ತಗೊಂಡು ಅಜ್ಜಿ ತೊಡೆ ಮೇಲಿಡೋದು, ಅಜ್ಜಿ ಸುಮ್ನೆ ಅವನ ಮುಖ ನೋಡೋದು, ಅವನು ಮುಚ್ಚಳ ತಟ್ಟೋದು, ಅಜ್ಜಿ "ತೆಗಿ?" ಅನ್ನೋದು. ಹೀಗೇ ದಿನಾ. ಶ್ರಾವಣ ಮುಗಿಯೋ ಹೊತ್ತಿಗೆ "ತೆಗಿ" ಅಂದ. ದಸರಾಗೆ "ಅಜ್ಜಿ ತೆಗಿ". ಈಗ ಎರಡು ಮೂರು ಶಬ್ದ ಜೋಡಿಸ್ತಾನೆ, ಕನ್ನಡದಲ್ಲೇ ಜಾಸ್ತಿ. ವಾರಕ್ಕೆ ಮೂರ್ನಾಲ್ಕು ಸಲದ ಥೆರಪಿ ಒಂದು ಕಡೆ, ದಿನಪೂರ್ತಿ ಮಾತಾಡಿಸೋಕೆ ಬಿಡುವಿರೋ ಇಬ್ರು ಹಿರಿಯರು ಇನ್ನೊಂದು ಕಡೆ, ಯಾವುದು ಎಷ್ಟು ಕೆಲಸ ಮಾಡ್ತು ಅಂತ ಬೇರೆ ಬೇರೆ ಮಾಡಿ ಹೇಳಕ್ಕಾಗಲ್ಲ.

ಮಗಳು ಸಿಬಿಎಸ್‌ಇ ಸ್ಕೂಲಲ್ಲಿ ಮೂರನೇ ಕ್ಲಾಸಿಗೆ ಸೇರಿದ್ಳು, ಕನ್ನಡ ಎರಡನೇ ಭಾಷೆ, ಹಿಂದಿ ಮೂರನೇದು. ಮೊದಲ ತಿಂಗಳುಗಳು ಕಷ್ಟ ಆಯ್ತು ಅವಳಿಗೆ. ಒತ್ತಕ್ಷರ ಬಂದ ತಕ್ಷಣ ಅಳು. ಕ್ಲಾಸಲ್ಲಿ ನಲವತ್ತು ಮಕ್ಕಳು, ಟೀಚರ್ ಜೋರಾಗಿ ಮಾತಾಡಿದ್ರೆ ಬೈತಿದಾರೆ ಅಂದ್ಕೋತಿದ್ಳು. ಕ್ಲಾಸ್ ಟೀಚರ್ ಒಳ್ಳೆಯವರು, ಮೊದಲ ಟರ್ಮ್ ಕನ್ನಡ ಟೆಸ್ಟ್ ಬಾಯಲ್ಲಿ ಕೇಳಿದ್ರು. ವೈಟ್‌ಫೀಲ್ಡಲ್ಲಾಗಿದ್ರೆ ಅವಳಿಗೆ ಹೊಂದ್ಕೊಳ್ಳೋದು ಖಂಡಿತ ಸುಲಭ ಆಗ್ತಿತ್ತು, ತಮ್ಮನಿಗೋಸ್ಕರ ಆರಿಸಿದ ಊರಿನ ಬೆಲೆಯಲ್ಲಿ ಸ್ವಲ್ಪ ಅವಳೂ ಕಟ್ಟಿದಾಳೆ, ಅದನ್ನ ಮನೆಯವರು ಮರೀಬಾರ್ದು ಅಂತ ನಾನು ಅಕ್ಕಂಗೆ ಹೇಳ್ತಾನೇ ಇರ್ತೀನಿ.

ಭಾವಂದೂ ಹಾಗೇ. ಎಲ್ರೂ ಹೇಳಿದ್ರು ಎಕ್ಸ್‌ಪ್ರೆಸ್‌ವೇ ಆಗಿದೆ, 2023ರಿಂದ ಒಂದೂವರೆ ಗಂಟೆ ದಾರಿ ಅಂತ. ಆ ಒಂದೂವರೆ ಗಂಟೆ ಬೆಂಗಳೂರಿನ ಅಂಚಿನ ತನಕ ಅಷ್ಟೆ, ಅಲ್ಲಿಂದ ವೈಟ್‌ಫೀಲ್ಡಿಗೆ ಊರನ್ನ ಪೂರ್ತಿ ದಾಟ್ಬೇಕು, ಪೀಕ್ ಅವರಲ್ಲಿ ಇನ್ನೂ ಅಷ್ಟೇ ಹೊತ್ತು, ಕೆಲವು ದಿನ ಜಾಸ್ತಿ. ಕಾರ್ ಬಿಟ್ಟು ಈಗ ಸೋಮವಾರ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹಿಡೀತಾರೆ, ಮೆಜೆಸ್ಟಿಕ್ಕಲ್ಲಿ ನೇರಳೆ ಮೆಟ್ರೋ ಹತ್ತಿದ್ರೆ ಬದಲಾಯಿಸೋ ಗೋಜಿಲ್ದೆ ಪಟ್ಟಂದೂರು ಅಗ್ರಹಾರ. ವಿಜಯನಗರದಲ್ಲಿ ದೊಡ್ಡಪ್ಪನ ಮಗನ ಮನೇಲಿ ಎರಡು ರಾತ್ರಿ, ಬುಧವಾರ ರಾತ್ರಿ ಮೈಸೂರು. ಮಂಗಳವಾರ ಮಗ ಅಪ್ಪನ್ನ ಹುಡುಕ್ತಾನೆ. ಆಫೀಸಿನ ಮೂರು ದಿನ ಐದಾದ್ರೆ ಈ ಏರ್ಪಾಡು ಕುಸಿದು ಬೀಳುತ್ತೆ, ಅದು ಇಬ್ರಿಗೂ ಗೊತ್ತು, ಅದಕ್ಕೇ ಭಾವ ಮೈಸೂರಲ್ಲೇ ಏನಾದ್ರೂ ಸಿಗುತ್ತಾ ಅಂತ ಇಲ್ಲಿಯ ಹೆಬ್ಬಾಳದ ಕಡೆ ವಿಚಾರಿಸ್ತಿದಾರೆ. ಅಕ್ಕಂಗೆ ಕೆಲಸ ಇನ್ನೂ ಸಿಕ್ಕಿಲ್ಲ. ನಂಜನಗೂಡಲ್ಲಿ ಫುಡ್ ಫ್ಯಾಕ್ಟರಿಗಳಿವೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಅವಳ ಜೊತೆ ಓದಿದವರಿದಾರೆ, ಆದ್ರೆ ಫುಲ್ ಟೈಮ್ ಆದ್ರೆ ಥೆರಪಿ ಯಾರು ಅನ್ನೋ ಪ್ರಶ್ನೆ ಮತ್ತೆ ಬರುತ್ತೆ.

ಮನೆ ಕೊಂಡಿಲ್ಲ. ಬೋಗಾದಿ ಕಡೆ ಸೈಟ್ ತೋರಿಸ್ತೀವಿ ಅಂತ ಬ್ರೋಕರ್‌ಗಳು ಫೋನ್ ಮಾಡ್ತಾನೇ ಇರ್ತಾರೆ, ಮಗ ಒಂದನೇ ಕ್ಲಾಸಿಗೆ ಸೇರೋವರೆಗೂ ಬಾಡಿಗೆ ಮನೇನೇ ಅಂತ ಇಬ್ರೂ ಒಪ್ಕೊಂಡಿದಾರೆ. ಜೂನ್ 1ಕ್ಕೆ ಆರು ವರ್ಷ ತುಂಬಿರ್ಬೇಕು ಅನ್ನೋ ನಿಯಮ ಈಗಿರೋ ಹಾಗೇ ಇದ್ರೆ ಅವನ ಒಂದನೇ ಕ್ಲಾಸು 2028ರ ಜೂನಿಗೆ. ಅಷ್ಟರಲ್ಲಿ ಥೆರಪಿ ಇನ್ನೂ ಬೇಕಾ, ಭಾವಂಗೆ ಇಲ್ಲೇ ಕೆಲಸ ಆಯ್ತಾ, ಅವ್ವನ ಆರೋಗ್ಯ ಹೇಗಿದೆ, ಈ ಮೂರನ್ನ ನೋಡ್ಕೊಂಡು ಇನ್ನೊಂದು ಸಲ ಕೂತು ಮಾತಾಡ್ತಾರೆ. ಆ ಸಲ ಮಗಳಿಗೆ ಹನ್ನೊಂದಾಗಿರುತ್ತೆ, ಅವಳೂ ಜೊತೇಲಿ ಕೂತಿರ್ಬೇಕು ಅಂತ ಅಕ್ಕ ಈಗ್ಲೇ ಹೇಳಿದಾಳೆ.